ಕುಟ್ಟಿದ್ದು, ಕೊಚ್ಚಿದ್ದು, ಜಜ್ಜಿದ್ದು

ಬಸಿದು ಮಾಡಿದ ಸಾರು ಬಸ್ಸಾರು. ಮಸೆದ ಸೊಪ್ಪು ಮಸ್ಸೊಪ್ಪು. ನೆನೆಸಿ, ಸಿಪ್ಪೆ ಹಿದುಕಿ ತೆಗೆದ ಅವರೆ ಹಿದುಕಿದ ಬೇಳೆ. ಬಾಯಿಂದ ಬಾಯಿಗೆ ಸವೆದು ಹಿತಕಬೇಳೆ. ನಮ್ಮ ಅಡುಗೆಮನೆಯ ಹೆಸರುಗಳಲ್ಲಿ ಇಂಥದೊಂದು ಬಳಗವಿದೆ. ಪದಾರ್ಥ ಯಾವುದು ಎಂದು ಅವು ಹೇಳುವುದಕ್ಕಿಂತ, ಅದಕ್ಕೆ ಕೈ ಏನು ಮಾಡಿತು ಎಂದು ಹೇಳುವುದೇ ಹೆಚ್ಚು.

ಪಾರಸಿಯ ‘ಕೂಫ್ತೆ’ ಈ ಬಳಗಕ್ಕೆ ಸೇರಬೇಕಾದ ಮಾತು. ‘ಕೂಫ್ತನ್’ ಎಂದರೆ ಕುಟ್ಟುವುದು, ‘ಕೂಫ್ತೆ’ ಎಂದರೆ ಕುಟ್ಟಿದ್ದು. ಅಷ್ಟೇ. ಮಾಂಸ ಎಂದಾಗಲಿ ಉಂಡೆ ಎಂದಾಗಲಿ ಆ ಪದದೊಳಗೆ ಎಲ್ಲೂ ಇಲ್ಲ. ಆದರೂ ತುರ್ಕಿಯ ಕೊಫ್ತೆ, ಮೊರಾಕ್ಕೊದ ಕೆಫ್ತ, ಲೆಬನಾನಿನ ಕಫ್ತ, ಗ್ರೀಸಿನ ಕೆಫ್ತೆಸ್, ನಮ್ಮ ಹೋಟೆಲುಗಳ ಮಲಾಯ್ ಕೋಫ್ತಾ ಎಲ್ಲವೂ ಈ ಒಂದು ‘ಕುಟ್ಟಿದ್ದು’ವಿನ ಮಕ್ಕಳು, ಮೊಮ್ಮಕ್ಕಳು. ‘ಕುಟ್ಟು’ ಮತ್ತು ‘ಕೂಫ್ತ’ ಕಿವಿಗೆ ಹತ್ತಿರ ಕೇಳುವುದರಿಂದ ಇವೆರಡಕ್ಕೂ ನೆಂಟಸ್ತಿಕೆ ಕಟ್ಟುವ ಆಸೆ ಯಾರಿಗಾದರೂ ಹುಟ್ಟೀತು. ಕಟ್ಟಬಾರದು. ‘ಕುಟ್ಟು’ ತಮಿಳು, ತೆಲುಗುಗಳಿಗೂ ನಮಗೂ ಸಮಾನವಾದದ್ದು. ‘ಕೂಫ್ತನ್’ ಹುಟ್ಟಿದ್ದು ಇರಾನಿನ ನೆಲದಲ್ಲಿ, ಇಸ್ಲಾಮಿಗಿಂತ ಹಿಂದಿನ ಮಧ್ಯ ಪಾರಸಿಯಲ್ಲಿ ಅದರ ರೂಪ ‘ಕೋಫ್ತನ್’. ಸದ್ದು ಕೂಡಿದ್ದು ಆಕಸ್ಮಿಕ.

ಈ ‘ಕೋ’ ಮೇಲೆ ಒಂದು ಗಳಿಗೆ ನಿಲ್ಲಬೇಕು. ಹಳೆಯ ಪಾರಸಿಯಲ್ಲಿ ‘ಓ’ ಮತ್ತು ‘ಊ’ ಬೇರೆ ಬೇರೆ ಸ್ವರಗಳಾಗಿದ್ದವು. ಮುಂದೆ ಇರಾನಿನವರ ಬಾಯಲ್ಲಿ ‘ಓ’ ಎಲ್ಲವೂ ‘ಊ’ ಆಯಿತು. ಆದರೆ ಅಷ್ಟರೊಳಗೆ ಪಾರಸಿ ಭಾರತಕ್ಕೆ ಬಂದು ತಳವೂರಿತ್ತು. ಇಲ್ಲಿ ಹಳೆಯ ‘ಓ’ ಹಾಗೆಯೇ ಉಳಿಯಿತು. ಇರಾನಿನವರು ಗೆಳೆಯನನ್ನು ಈಗ ‘ದೂಸ್ತ್’ ಎನ್ನುತ್ತಾರೆ, ನಮಗೆ ಅವನು ದೋಸ್ತ್. ಅವರದು ‘ಜೂರ್’, ನಮ್ಮ ಮಳೆ ಮಾತ್ರ ‘ಜೋರು’. ಅವರದು ‘ಕೂಫ್ತೆ’, ನಮ್ಮದು ‘ಕೋಫ್ತಾ’. ಅಂದರೆ ಹುಬ್ಬಳ್ಳಿಯ ಖಾನಾವಳಿಯಲ್ಲೋ ಬೆಂಗಳೂರಿನ ದರ್ಶಿನಿಯಲ್ಲೋ ಕೋಫ್ತಾ ಎಂದು ಆರ್ಡರ್ ಮಾಡುವವರು ತೆಹರಾನಿನವರಿಗಿಂತ ಹಳೆಯ ಉಚ್ಚಾರವನ್ನೇ ಇಟ್ಟುಕೊಂಡಿದ್ದಾರೆ. ತಟ್ಟೆಗೆ ಬರುವುದು ಮಾತ್ರ ಪನೀರು, ಆಲೂಗಡ್ಡೆ. ಅದನ್ನು ಯಾರೂ ಕುಟ್ಟಿರುವುದಿಲ್ಲ.

ಇರಾನಿನಲ್ಲಿ ಉಳಿದದ್ದು ಬೇರೆ. ಅಲ್ಲಿ ಕೂಫ್ತೆ ಇವತ್ತಿಗೂ ಜೀವಂತ ಕ್ರಿಯಾಪದದ ಕೂಸು. ಇಡೀ ದಿನ ದುಡಿದು ಮನೆಗೆ ಬಂದವನು ತಾನು ‘ಖಸ್ತೆ-ಓ-ಕೂಫ್ತೆ’ ಎಂದರೆ ದಣಿದು ನುಗ್ಗಾಗಿದ್ದೇನೆ ಎಂದರ್ಥ. ಕುಟ್ಟಿಹಾಕಿದ ಹಾಗಾಗಿದೆ ಮೈ. ಅಲ್ಲಿಂದಲೇ ಉರ್ದುವಿನ ‘ಕೋಫ್ತ್’, ಬೇಸರ ಮತ್ತು ಕಿರಿಕಿರಿಯ ಮಾತು. ರಾಜಸ್ಥಾನದ ಉದಯಪುರದಲ್ಲಿ ಕತ್ತಿಯ ಹಿಡಿಯ ಉಕ್ಕಿನ ಮೇಲೆ ಗೀರು ಹಾಕಿ, ಚಿನ್ನದ ತಂತಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸುವ ಕಸುಬಿಗೆ ‘ಕೋಫ್ತ್‌ಗರಿ’ ಎಂದು ಹೆಸರು. ನಮ್ಮ ಬೀದರಿನ ಬಿದ್ರಿಯ ಜೊತೆ ಇದನ್ನು ಬೆರೆಸುವುದು ಬೇಡ, ಅಲ್ಲಿ ಲೋಹವನ್ನು ಕೊರೆದು ಕಾಲುವೆ ಮಾಡಿ ಬೆಳ್ಳಿ ತುಂಬುತ್ತಾರೆ. ಕೋಫ್ತ್‌ಗರಿಯಲ್ಲಿ ಎಲ್ಲವೂ ಬಡಿತದ ಮೇಲೆ. ಕತ್ತಿಯ ಚಿನ್ನಕ್ಕೂ ಸಾರಿನ ಉಂಡೆಗೂ ಒಂದೇ ಕ್ರಿಯಾಪದ.

ತಿನ್ನುವ ಕೂಫ್ತೆಯೂ ಇರಾನಿನಲ್ಲಿ ಸಣ್ಣದಲ್ಲ. ತಬ್ರೀಜ್ ಊರಿನದು ಪ್ರಸಿದ್ಧ. ಮಾಂಸ, ಕಡಲೆಬೇಳೆಯಂಥ ಬೇಳೆ, ಅಕ್ಕಿ ಸೇರಿಸಿ ಕುಟ್ಟಿ ನಾದಿ, ನಡುವೆ ಅಕ್ರೋಟು, ಒಣ ಹಣ್ಣು, ಕೆಲವೊಮ್ಮೆ ಇಡೀ ಬೆಂದ ಮೊಟ್ಟೆ ಹುದುಗಿಸಿ ಎರಡು ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಉಂಡೆ ಮಾಡಿ ಸಾರಿನಲ್ಲಿ ಬೇಯಿಸುತ್ತಾರೆ. ಒಡೆಯದೆ ಬೇಯಬೇಕಾದರೆ ನಾದಿದ್ದು ಸಾಲದೆ ಬರಬಾರದು. ಪಕ್ಕದ ಅರ್ಮೇನಿಯದ ಗಾವರ್ ಪಟ್ಟಣದ ಕ್ಯುಫ್ತಾಗಂತೂ ಮಾಂಸವನ್ನು ಮರದ ಕೊಡತಿಯಿಂದ ಕಲ್ಲಿನ ಮೇಲೆ ಬಡಿದು ಬಡಿದು ಮೇಣದ ಹದಕ್ಕೆ ತರುವುದು ಸಂಪ್ರದಾಯ. ಹೆಸರು ಹೇಳುವ ಕೆಲಸವನ್ನೇ ಇನ್ನೂ ಮಾಡುತ್ತಿರುವ ಊರುಗಳು ಬೆರಳೆಣಿಕೆಯಷ್ಟು, ಗಾವರ್ ಅವುಗಳಲ್ಲಿ ಒಂದು.

ಅರಬರ ಕಥೆ ಚಿಕ್ಕದು, ಆದರೆ ಬಿಡಲಾಗದು. 1226ರಲ್ಲಿ ಬಾಗ್ದಾದಿನಲ್ಲಿ ಮುಹಮ್ಮದ್ ಬಿನ್ ಹಸನ್ ಅಲ್-ಬಗ್ದಾದಿ ಬರೆದ ‘ಕಿತಾಬ್ ಅಲ್-ತಬೀಖ್’ ಎಂಬ ಪಾಕಗ್ರಂಥದಲ್ಲಿ ಮಾಂಸದ ಉಂಡೆಗಳು ಮೇಲಿಂದ ಮೇಲೆ ಬರುತ್ತವೆ. ಕುಟ್ಟಿದ ಮಾಂಸದ ಅಡುಗೆಗೆ ಅಲ್ಲಿ ‘ಮುದಕ್ಕಕ’ ಎಂಬ ಹೆಸರೂ ಇದೆ. ಅದು ಅರಬ್ಬಿಯ ‘ದಕ್ಕ’ ಧಾತುವಿನಿಂದ ಬಂದದ್ದು. ಅರ್ಥ ಮತ್ತದೇ, ಕುಟ್ಟಿದ್ದು. ತಮ್ಮದೇ ಪದವಿದ್ದರೂ ಅರಬರು ಕೊನೆಗೆ ಹಿಡಿದುಕೊಂಡದ್ದು ಪಾರಸಿಯ ಕುಫ್ತವನ್ನು. ಈ ಗ್ರಂಥವನ್ನು 15ನೇ ಶತಮಾನದಲ್ಲಿ ಶಿರ್ವಾನಿ ಎಂಬ ವೈದ್ಯ ತುರ್ಕಿ ಭಾಷೆಗೆ ತಂದ, ಸುಮ್ಮನೆ ತರದೆ ತನ್ನ ಕಾಲದ ಅಡುಗೆಗಳನ್ನೂ ಸೇರಿಸಿದ. ತುರ್ಕಿಯ ಪಾಕಶಾಸ್ತ್ರದ ಬರಹ ಶುರುವಾಗುವುದು ಹೆಚ್ಚುಕಡಿಮೆ ಅಲ್ಲಿಂದ.

ತುರ್ಕರ ಬಾಯಿಗೆ ‘ಕೂಫ್ತೆ’ ಹೊಂದಲಿಲ್ಲ. ಅವರ ಭಾಷೆಯಲ್ಲಿ ಒಂದು ಪದದ ಸ್ವರಗಳೆಲ್ಲ ಒಂದೇ ಕಡೆ ವಾಲಬೇಕು, ಮುಂದಿನವು ಮುಂದಿನವುಗಳ ಜೊತೆ, ಹಿಂದಿನವು ಹಿಂದಿನವುಗಳ ಜೊತೆ. ಕೊನೆಯ ‘ಎ’ ಮೊದಲ ಸ್ವರವನ್ನು ತನ್ನತ್ತ ಎಳೆದುಕೊಂಡಿತು. ‘ಎ’ ಎನ್ನುತ್ತಲೇ ತುಟಿಯನ್ನು ದುಂಡಗೆ ಮಾಡಿದರೆ ಬರುವ ಸ್ವರ ಅಲ್ಲಿ ಬಂದು ಕೂತಿತು. ನಮ್ಮ ಲಿಪಿಯಲ್ಲಿ ಅದಕ್ಕೆ ಗುರುತಿಲ್ಲ, ‘ಕೊಫ್ತೆ’ ಎಂದು ಬರೆದು ಸುಮ್ಮನಾಗಬೇಕು.

ಇನ್ನು ಕೊಫ್ತೆಯ ಬಗೆಗಳನ್ನು ಎಣಿಸಲು ಹೊರಟರೆ ಈ ಲೇಖನ ಮುಗಿಯುವುದಿಲ್ಲ. ಟ್ರಾಬ್ಜೋನ್ ಬಳಿಯ ಅಕ್ಚಾಬಾತ್‌ನದರಲ್ಲಿ ಬೆಳ್ಳುಳ್ಳಿಯ ಜೋರು. ಬುರ್ಸಾ ಬಳಿಯ ಇನೆಗೋಲ್‌ನದು ಬೆರಳಿನಂತೆ ಉದ್ದ, ಮಸಾಲೆಯ ಗೊಡವೆಯೇ ಇಲ್ಲ, ಮಾಂಸ, ಈರುಳ್ಳಿ, ಉಪ್ಪು, ಸೋಡಾ ಅಷ್ಟೇ. ಅನ್ನ ಬೆರೆಸಿ ಮೊಟ್ಟೆಯಲ್ಲದ್ದಿ ಕರಿದ ದಪ್ಪನೆಯದಕ್ಕೆ ‘ಹೆಂಗಸಿನ ತೊಡೆ’ ಎಂದೇ ಹೆಸರಿಟ್ಟಿದ್ದಾರೆ, ಯಾವ ಸುಲ್ತಾನನ ಅಡುಗೆಯವನ ಚೇಷ್ಟೆಯೋ. ಎಲ್ಲಕ್ಕಿಂತ ನನ್ನನ್ನು ಕಾಡುವುದು ಉರ್ಫಾ ಸೀಮೆಯ ‘ಚೀ ಕೊಫ್ತೆ’, ಅಂದರೆ ಹಸಿ ಕೊಫ್ತೆ. ನಿಮ್ರೋದ್ ದೊರೆ ಪ್ರವಾದಿ ಇಬ್ರಾಹೀಮರನ್ನು ಸುಡಲು ನಾಡಿನ ಸೌದೆಯನ್ನೆಲ್ಲ ಕಿತ್ತು ರಾಶಿ ಹಾಕಿಸಿದನಂತೆ. ಒಬ್ಬ ಬೇಟೆಗಾರನ ಮನೆಯಲ್ಲಿ ಜಿಂಕೆಯ ಮಾಂಸವಿದೆ, ಒಲೆಗೆ ಕಟ್ಟಿಗೆಯಿಲ್ಲ. ಅವನ ಹೆಂಡತಿ ಮಾಂಸವನ್ನು ಕಲ್ಲಿನ ಮೇಲೆ ಜಜ್ಜಿ, ಗೋಧಿಯ ಕುಚ್ಚುನುಚ್ಚು, ಮೆಣಸಿನ ಜೊತೆ ನಾದಿ ನಾದಿ ಹಸಿಯಾಗಿಯೇ ತಿನ್ನುವ ಹದಕ್ಕೆ ತಂದಳಂತೆ. ಮೆಣಸಿನಕಾಯಿ ಆ ಕಡೆ ಬಂದದ್ದು ಅಮೆರಿಕದಿಂದ, ತೀರ ಈಚೆಗೆ. ಕಥೆಗೆ ಅದರ ಚಿಂತೆಯಿಲ್ಲ. ಕಥೆ ನೆನಪಿಟ್ಟುಕೊಂಡಿರುವುದು ಕುಟ್ಟುವ ಕಲ್ಲನ್ನು. ಅದೇ ಚೀ ಕೊಫ್ತೆ ಈಗ ತುರ್ಕಿಯ ಬೀದಿಬೀದಿಯಲ್ಲಿ ಮಾರಾಟಕ್ಕಿದೆ, ಆದರೆ ಹಸಿ ಮಾಂಸ ಹಾಕಿ ಅಂಗಡಿಯಲ್ಲಿ ಮಾರುವುದಕ್ಕೆ ನಿಷೇಧವಿರುವುದರಿಂದ ಅದರಲ್ಲಿ ಮಾಂಸದ ಚೂರೂ ಇಲ್ಲ. ಕೆಂಪು ಚನ್ನಂಗಿಬೇಳೆಯಲ್ಲೂ ಒಂದು ಕೊಫ್ತೆಯುಂಟು. ಹೀಗಾಗಿ ಕೋಫ್ತಾ ಸಸ್ಯಾಹಾರಿಯಾದದ್ದು ಭಾರತದಲ್ಲಿ ಮಾತ್ರ ಎಂದು ನಾವು ಬೀಗುವಂತಿಲ್ಲ.

ಆಟೊಮನ್ ಸಾಮ್ರಾಜ್ಯದ ಬೆನ್ನು ಹತ್ತಿ ಪದ ಬಾಲ್ಕನ್ ನಾಡುಗಳಿಗೂ ನುಗ್ಗಿತು. ಬಲ್ಗೇರಿಯದಲ್ಲಿ ಕ್ಯುಫ್ತೆ, ಸರ್ಬಿಯದಲ್ಲಿ ಚುಫ್ತೆ, ಅಲ್ಬೇನಿಯದಲ್ಲಿ ಚೋಫ್ತೆ, ರುಮೇನಿಯದಲ್ಲಿ ಕಿಫ್ತ್ಯಾ. ಹೋದದ್ದು ಹೋದಂತೆಯೇ ಇರಲಿಲ್ಲ. ಇನೆಗೋಲ್ ಕೊಫ್ತೆಯ ಮೂಲಪುರುಷ ಎನ್ನುವ ಮುಸ್ತಫಾ ಎಫೆಂದಿ 19ನೇ ಶತಮಾನದಲ್ಲಿ ಬಲ್ಗೇರಿಯದ ಕಡೆಯಿಂದ ವಲಸೆ ಬಂದವನು. ಆಳುವವರ ಜೊತೆ ಹೋದ ಉಂಡೆ ನಿರಾಶ್ರಿತರ ಜೊತೆ ತವರಿಗೆ ಮರಳಿತು. ಸ್ವೀಡನ್ನಿನದು ಇನ್ನೂ ವಿಚಿತ್ರ. ದೊರೆ ಹನ್ನೆರಡನೆಯ ಕಾರ್ಲ್ ಯುದ್ಧದಲ್ಲಿ ಸೋತು 1709ರಿಂದ 1714ರವರೆಗೆ ಆಟೊಮನ್ನರ ಆಶ್ರಯದಲ್ಲಿದ್ದ. ತಮ್ಮ ಪ್ರಸಿದ್ಧ ಮಾಂಸದುಂಡೆಯ ಪಾಕವನ್ನು ಅವನೇ ಅಲ್ಲಿಂದ ತಂದದ್ದು ಎಂದು 2018ರಲ್ಲಿ ಸ್ವೀಡನ್ ದೇಶದ ಅಧಿಕೃತ ಟ್ವಿಟರ್ ಖಾತೆಯೇ ಸಾರಿತು. ತುರ್ಕರು ಹಿಗ್ಗಿದರು, ಇತಿಹಾಸಕಾರರು ಹುಬ್ಬು ಗಂಟಿಕ್ಕಿದರು. ನನಗೆ ಕಾಣುವುದಿಷ್ಟು: ಸ್ವೀಡಿಶ್ ಹೆಸರು ‘ಶಟ್‌ಬುಲ್ಲರ್’, ಬರಿಯ ‘ಮಾಂಸದ ಉಂಡೆಗಳು’. ಕೊಫ್ತೆಯ ಗುರುತು ಅದರಲ್ಲಿಲ್ಲ. ಪದ ಬಾರದ ಕಡೆಗೆ ಪಾಕ ಮಾತ್ರ ಬಂತು ಎನ್ನುವವರು ಇನ್ನೂ ಗಟ್ಟಿಯಾದ ಪುರಾವೆ ಕೊಡಬೇಕು.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಮಾತು. ಹಳೇ ಮೈಸೂರು ಸೀಮೆಯಲ್ಲಿ ಕೋಫ್ತಾ ಎನ್ನುವುದು ಹೋಟೆಲಿನ ಭಾಷೆ. ಮನೆಯದು ‘ಕೈಮ ಉಂಡೆ’. ಕೈಯಲ್ಲಿ ಕಟ್ಟುವ ಉಂಡೆ, ಅದಕ್ಕೇ ಕೈಮ ಎಂದು ವಿವರಿಸುವವರಿದ್ದಾರೆ. ಅಲ್ಲ. ತುರ್ಕಿಯಲ್ಲಿ ‘ಕಿಯ್‌ಮಕ್’ ಎಂದರೆ ಸಣ್ಣಗೆ ಕೊಚ್ಚುವುದು, ‘ಕಿಯ್ಮ’ ಎಂದರೆ ಕೊಚ್ಚಿದ ಮಾಂಸ. ಅದು ಪಾರಸಿಗೆ ಹೊಕ್ಕು ‘ಕೈಮೆ’ ಆಯಿತು, ಇಂದಿಗೂ ಇರಾನಿನಲ್ಲಿ ಮಾಂಸದ ಸಣ್ಣ ತುಂಡು, ಬೇಳೆ ಹಾಕಿದ ಸಾರಿಗೆ ಅದೇ ಹೆಸರು. ಅಕ್ಬರನ ಕಾಲದ ‘ಐನ್-ಇ-ಅಕ್ಬರಿ’ಯ ಅಡುಗೆ ಪಟ್ಟಿಯಲ್ಲಿ ಕೀಮಾ ಪುಲಾವ್, ಕೀಮಾ ಶೋರ್ಬಾಗಳಿವೆ. ಉತ್ತರದವರು ಕೀಮಾ ಎಂದರು, ನಮ್ಮಲ್ಲಿ ಖೀಮಾ ಕೂಡ ಉಂಟು, ಆದರೆ ನಾಲಿಗೆಗೆ ಒಗ್ಗಿದ್ದು ಕೈಮ. ತಮಿಳರಿಗೂ ಅದು ಕೈಮಾ. ಆದ್ದರಿಂದ ಕೈಮ ಉಂಡೆ ಎನ್ನುವ ಎರಡು ಪದಗಳಲ್ಲಿ ಮೊದಲನೆಯದು ಮಧ್ಯ ಏಷ್ಯದ ಕುದುರೆ ಸವಾರರದು, ಎರಡನೆಯದು ನಮ್ಮದು. ತುರ್ಕಿಯಲ್ಲಿ ಇದೇ ಕ್ರಿಯಾಪದದಿಂದ ‘ಪ್ರಾಣ ತೆಗೆ’ ಎಂದೂ ಹೇಳುತ್ತಾರೆ, ‘ನಿಕಾಹ್ ನೆರವೇರಿಸು’ ಎಂದೂ ಹೇಳುತ್ತಾರೆ. ಮದುವೆಯಾದವರು ಇದರ ಮೇಲೆ ಏನು ಬೇಕಾದರೂ ಹೇಳಿಕೊಳ್ಳಲಿ.

ಪಾರಸಿ ಕುಟ್ಟಿತು, ತುರ್ಕಿ ಕೊಚ್ಚಿತು. ಕತ್ತರಿಸುವುದಕ್ಕೆ ಒಳ್ಳೆಯ ಚೂರಿ, ಆಮೇಲೆ ತಿರುಗಿಸುವ ಮೆಷಿನ್ನು ಬಂದ ಕಡೆಯೆಲ್ಲ ಕುಟ್ಟುವ ಕೈ ಸೋತಿತು, ಕುಟ್ಟಿದ್ದು ಎಂಬ ಹೆಸರು ಮಾತ್ರ ಉಳಿಯಿತು. ಹಾಗೆ ಉಳಿದ ಹೆಸರಿಗೆ ಏನಾದರೂ ಅರ್ಥ ಬೇಕಲ್ಲ? ಭಾರತದಲ್ಲಿ ಅದು ದುಂಡಗಿನ ಆಕಾರವನ್ನು ಹಿಡಿದುಕೊಂಡಿತು. ತುರ್ಕಿಯಲ್ಲಿ ನಾದಿ ಹಿಡಿಯಲ್ಲಿ ಒತ್ತಿದ ಯಾವುದನ್ನೂ, ಅದು ಬೆರಳಿನಂತಿರಲಿ ಬಿಲ್ಲೆಯಂತಿರಲಿ.

ಇಸ್ತಾಂಬುಲಿನಲ್ಲಿ ಕೊಫ್ತೆ ಅಂಗಡಿಗೆ ಹೋದರೆ ಜೊತೆಗೆ ಸಾಮಾನ್ಯವಾಗಿ ಬರುವ ಇನ್ನೊಂದು ತಟ್ಟೆ ‘ಪಿಯಾಜ್’. ಸುಲ್ತಾನ್ ಅಹ್ಮೆತ್ ಮಸೀದಿಯ ಬಳಿ 1920ರಿಂದ ನಡೆಯುತ್ತಿರುವ ಹಳೆಯ ಅಂಗಡಿಯಲ್ಲೂ ಹೀಗೆಯೇ. ಪಾರಸಿ, ಉರ್ದು ಬಲ್ಲವರಿಗೆ ಪಿಯಾಜ್ ಎಂದರೆ ಈರುಳ್ಳಿ. ತಟ್ಟೆಯಲ್ಲಿರುವುದು ಬಿಳಿ ಬೀನ್ಸ್ ಕಾಳು! ಹೆಚ್ಚಿದ ಈರುಳ್ಳಿಯನ್ನು ವಿನೆಗರ್, ಎಣ್ಣೆಯಲ್ಲಿ ಕಲಸಿ ಕಾಳಿನ ಮೇಲೆ ಹರಡುತ್ತಿದ್ದರು. ಮೇಲಿನ ಈರುಳ್ಳಿಯ ಹೆಸರೇ ಕೆಳಗಿನ ಕಾಳಿಗೂ ಇಳಿಯಿತು. ಕಾಳಿನ ಸ್ವಂತ ಹೆಸರು ‘ಫಸುಲ್ಯೆ’ಗೂ ಇಂಥದೇ ಚರಿತ್ರೆ. ಗ್ರೀಕ್, ಲ್ಯಾಟಿನ್‌ಗಳಲ್ಲಿ ಅದು ಅಲಸಂದೆಯಂಥ ಹಳೆಯ ಕಾಳಿನ ಹೆಸರಾಗಿತ್ತು. ಕೊಲಂಬಸನ ನಂತರ ಅಮೆರಿಕದಿಂದ ಹೊಸ ಬೀನ್ಸ್ ಬಂದಾಗ ಅದಕ್ಕೆ ಹಳೆಯದರ ಹೆಸರನ್ನೇ ತೊಡಿಸಿದರು. 1753ರಲ್ಲಿ ಲಿನ್ನೇಯಸ್ ಶಾಸ್ತ್ರೀಯ ಹೆಸರಿಡುವಾಗಲೂ ಅದನ್ನೇ ಮುದ್ರೆಯೊತ್ತಿದ. ನಾವು ಮಾಡಿದ್ದೂ ಇದನ್ನೇ. ಅಮೆರಿಕದ ಬೀನ್ಸ್ ನಮ್ಮ ಸಂತೆಗೆ ಬಂದಾಗ, ಕುದುರೆಗೆ ಹಾಕುವ ನಮ್ಮ ಹುರುಳಿಯ ಹೆಸರು ಕೊಟ್ಟು ‘ಹುರುಳಿಕಾಯಿ’ ಮಾಡಿಕೊಂಡೆವು. ಹುರುಳಿಕಾಯಿ ಪಲ್ಯದಲ್ಲಿ ಹುರುಳಿ ಹುಡುಕುವವರು ಯಾರೂ ಇಲ್ಲ.

ಮೆಡಿಟರೇನಿಯನ್ ದಂಡೆಯ ಅಂತಾಲ್ಯದವರು ಪಿಯಾಜಿಗೆ ಎಳ್ಳಿನ ಮುದ್ದೆ, ಬೆಳ್ಳುಳ್ಳಿ, ನಿಂಬೆ, ವಿನೆಗರ್ ಬೆರೆಸಿ ಗಟ್ಟಿಯಾದ ಗೊಜ್ಜಿನ ಹಾಗೆ ಮಾಡುತ್ತಾರೆ. ಕಾಳನ್ನು ಇಡಿಯಾಗಿ ಬಿಡದೆ ಪೂರ್ತಿ ಅರೆದುಬಿಟ್ಟರೆ ಅದು ‘ಎಜ್ಮೆ’. ‘ಎಜ್ಮೆಕ್’ ಎಂದರೆ ಜಜ್ಜುವುದು. ಎಳ್ಳಿನ ಮುದ್ದೆಯ ಹೆಸರು ‘ತಹಿನ್’, ಅರಬ್ಬಿಯ ಬೀಸುವ ಧಾತುವಿನಿಂದ ಬಂದದ್ದು. ಕುಟ್ಟಿದ್ದು, ಕೊಚ್ಚಿದ್ದು, ಜಜ್ಜಿದ್ದು, ಬೀಸಿದ್ದು ಎಲ್ಲವೂ ಒಂದೇ ತಟ್ಟೆಯ ಮೇಲೆ. ಹಲ್ಲಿಗೆ ಏನೂ ಕೆಲಸ ಉಳಿಸಬಾರದು ಎಂದು ಮೂರು ಭಾಷೆಗಳು ಸೇರಿ ಮಾಡಿದ ಪಿತೂರಿ.

ಮನೆಯಲ್ಲಿ ಮಾಡುವುದು ಕಷ್ಟವಲ್ಲ. ಅರ್ಧ ಕೇಜಿ ಕುರಿ ಕೈಮ, ಕೊಬ್ಬಿರಲಿ. ತೀರ ಒಣ ಮಾಂಸದ ಕೊಫ್ತೆ ಹೆಂಚಿನ ಮೇಲೆ ಚಪ್ಪಲಿಯ ಅಟ್ಟೆಯಾಗುತ್ತದೆ. ಒಂದು ಈರುಳ್ಳಿಯನ್ನು ತುರಿದು ನೀರನ್ನು ಗಟ್ಟಿಯಾಗಿ ಹಿಂಡಿ ತೆಗೆಯಿರಿ. ಹಿಂಡದಿದ್ದರೆ ಕೊಫ್ತೆ ಸುಡುವ ಬದಲು ಬೇಯುತ್ತದೆ. ನಮ್ಮ ಕೈಮ ಉಂಡೆಗೆ ಹುರಿಗಡಲೆ ಪುಡಿ ಹೇಗೋ ಇಲ್ಲಿ ಒಣಗಿದ ಬ್ರೆಡ್ ಹಾಗೆ, ಎರಡು ಮೂರು ತುಂಡಿನ ತಿರುಳು ಸಾಕು. ಒಂದು ಚಮಚ ಜೀರಿಗೆ ಪುಡಿ, ಕರಿಮೆಣಸು, ಸ್ವಲ್ಪ ಒಣಮೆಣಸಿನ ತರಿ, ಸಣ್ಣಗೆ ಹೆಚ್ಚಿದ ಪಾರ್ಸ್ಲಿ, ಒಂದು ಚಮಚ ಉಪ್ಪು. ಶುಂಠಿ, ಚಕ್ಕೆ, ಲವಂಗ, ತೆಂಗಿನಕಾಯಿಯತ್ತ ಕೈ ತಾನಾಗಿ ಹೋಗುತ್ತದೆ, ಹಿಡಿದುಕೊಳ್ಳಿ. ಹಾಕಿದರೆ ರುಚಿ ಕೆಡುವುದಿಲ್ಲ, ಆದರೆ ಅದು ತಿರುಗಿ ಕೈಮ ಉಂಡೆಯೇ ಆಗುತ್ತದೆ.

ಮುಖ್ಯವಾದದ್ದು ನಾದುವುದು. ಹತ್ತು ನಿಮಿಷ, ಚಪಾತಿ ಹಿಟ್ಟಿನಂತೆ, ನಡುನಡುವೆ ಮುದ್ದೆಯನ್ನು ಎತ್ತಿ ಪಾತ್ರೆಗೆ ಬಡಿದು. ಉಪ್ಪು ಮಾಂಸದ ಪ್ರೋಟೀನನ್ನು ಕರಗಿಸಿ ಹೊರತರುತ್ತದೆ, ನಾದುವಿಕೆ ಅದನ್ನು ಅಂಟಾಗಿ ಹೆಣೆಯುತ್ತದೆ. ಮೊಟ್ಟೆಯಿಲ್ಲದೆ ಉಂಡೆ ಒಡೆಯದೆ ನಿಲ್ಲುವುದು ಇದರಿಂದಲೇ. ಮೆಷಿನ್ನಿನ ಕೈಮ ತಂದವರೂ ಕೊನೆಗೆ ಕುಟ್ಟುವ ಕೆಲಸಕ್ಕೇ ಬರಬೇಕಾಗುತ್ತದೆ. ಒಂದೆರಡು ತಾಸು ಫ್ರಿಜ್ಜಿನಲ್ಲಿಟ್ಟು, ಕೈಗೆ ನೀರು ಸವರಿಕೊಂಡು ಚಪ್ಪಟೆ ಬಿಲ್ಲೆ ತಟ್ಟಿ, ಚೆನ್ನಾಗಿ ಕಾದ ಕಬ್ಬಿಣದ ಹೆಂಚಿನಲ್ಲಿ ಎರಡೂ ಕಡೆ ಮೂರು ನಾಲ್ಕು ನಿಮಿಷ, ಒಳಗೆ ಹಸಿ ಕೆಂಪು ಉಳಿಯದ ಹಾಗೆ ಸುಡಿ.

ಕಾಳಿಗೆ ಒಂದು ಲೋಟ ಬಿಳಿ ರಾಜ್ಮಾ ರಾತ್ರಿಯೇ ನೆನೆಹಾಕಿ. ನೆನೆದ ನೀರು ಚೆಲ್ಲಿ, ಬೆರಳಲ್ಲಿ ಹಿಚುಕಿದರೆ ಬೆಣ್ಣೆಯಾಗುವವರೆಗೆ ಕುಕ್ಕರಿನಲ್ಲಿ ಬೇಯಿಸಿ. ಈ ಜಾತಿಯ ಕಾಳು ಅರೆಬೆಂದರೆ ಹೊಟ್ಟೆಗೆ ವಿಷ, ಅದರಲ್ಲಿ ಉದಾಸೀನ ಬೇಡ. ತಹಿನ್ ಅಂಗಡಿಯಿಂದಲೇ ತರಬೇಕೆಂದಿಲ್ಲ. ಬಿಳಿ ಎಳ್ಳನ್ನು ಬಣ್ಣ ತಿರುಗದ ಹಾಗೆ ಬೆಚ್ಚಗೆ ಹುರಿದು, ಎರಡು ಚಮಚ ಎಣ್ಣೆ ಬಿಟ್ಟು ನುಣ್ಣಗೆ ಅರೆದರೆ ಆಯಿತು. ಕಾಳು, ಮೂರು ಚಮಚ ಎಳ್ಳಿನ ಮುದ್ದೆ, ಎರಡು ಎಸಳು ಬೆಳ್ಳುಳ್ಳಿ, ಒಂದು ನಿಂಬೆಯ ರಸ, ಉಪ್ಪು, ಕಾಳು ಬೆಂದ ನೀರು ಬೇಕಷ್ಟು. ಬಿಸಿಯಿರುವಾಗಲೇ ಅರೆಯಿರಿ. ಮೇಲೆ ಆಲಿವ್ ಎಣ್ಣೆ, ಮತ್ತೆ ಈರುಳ್ಳಿ ಸೀಳು; ಅದಿಲ್ಲದಿದ್ದರೆ ಪಿಯಾಜ್ ಎಂಬ ಹೆಸರಿಗೆ ಅರ್ಥವೇ ಇರುವುದಿಲ್ಲ. ಕುಡಿಯಲು ‘ಐರಾನ್’, ನಮ್ಮ ಉಪ್ಪು ಮಜ್ಜಿಗೆ, ಒಗ್ಗರಣೆ ಕಳೆದು.

ಮಕ್ಕಳು ಪಾಲಿಗೆ ಬಂದದ್ದಕ್ಕಿಂತ ಹೆಚ್ಚು ಎತ್ತಿಕೊಂಡರೆ ತುರ್ಕಿಯವರ ಬಳಿ ಒಂದು ಬೈಗುಳ ಸಿದ್ಧವಿದೆ: ‘ಕೊಫ್ತೆಹೋರ್’. ಅಕ್ಷರಶಃ ಕೊಫ್ತೆ ತಿನ್ನುವವನು. ಬಳಕೆಯಲ್ಲಿ ಅರ್ಧ ಮುನಿಸು, ಅರ್ಧ ಮುದ್ದು, ಭಡವ ಎಂದಂತೆ. ಆ ‘ಹೋರ್’ ಪಾರಸಿಯ ‘ಖೋರ್’, ತಿನ್ನುವವನು. ಅದು ಕನ್ನಡಕ್ಕೂ ಬಂದು ಗಟ್ಟಿಯಾಗಿ ನೆಲೆಸಿದೆ, ಲಂಚಕೋರ, ದಗಾಕೋರ, ಚಾಡಿಕೋರ ಎಂದು. ಲಂಚವನ್ನು ನಾವು ‘ತಿನ್ನುವುದು’ ಸರಿಯೇ ಸರಿ. ಆದರೆ ಇಷ್ಟು ವರ್ಷ ಕನ್ನಡದಲ್ಲಿದ್ದೂ ಈ ‘ಕೋರ’ನಿಗೆ ತಿನ್ನಲು ಒಂದೇ ಒಂದು ಒಳ್ಳೆಯ ಪದಾರ್ಥ ಸಿಕ್ಕಿಲ್ಲ. ಕೈಮಕೋರ ಎಂದು ಶುರುಮಾಡಬಹುದು.